ನೊರೆಯ ಮೂಳೆ, ಅವ್ವನ ಮೂಳೆ

"ಹಾಡ್ಕಾ? ನಾ ಬೆನ್, ನಾ!" ಬೇಡಮ್ಮ ಬೇಡ ಎಂದು ಮನೆಯೊಡತಿ ಬಾಡಿಗೆ ಕೋಣೆ ಕೇಳಲು ಹೋದ ನನ್ನನ್ನು ಹೊಸ್ತಿಲಲ್ಲೇ ತಡೆದರು. ಹಾಡ್ಕಾ ಎಂದರೆ ಮೂಳೆ. ರಾಜ್‌ಕೋಟ್‌ನಲ್ಲಿ ನಾನು ಕಲಿತ ಮೊದಲ ಗುಜರಾತಿ ಪದ ಅದೇ. ಮುರಿದ ಮೂಳೆಗೆ ಹಾಕುವ ಸ್ಕ್ರೂಗಳನ್ನು ಪರೀಕ್ಷಿಸುವ ಕೆಲಸ ನನ್ನದೆಂದು ಬಾಯಿಬಿಟ್ಟಿದ್ದೆ. ಮಾಂಸ ತಿನ್ನುವವರಿಗೇ ಬಾಡಿಗೆ ಕೊಡದ ಬೀದಿಯದು. ಕೊನೆಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದ ಗಟ್ಟಿ ನೊರೆಯಂಥ ಹಳದಿ ಫೋಮ್ ತುಂಡನ್ನು ಚೀಲದಿಂದ ತೆಗೆದು, ಮೂಳೆಯೊಳಗಿನ ತೂತುತೂತಾದ ಭಾಗದ ಬದಲಿಗೆ ಪರೀಕ್ಷೆಗೆ ಇದನ್ನೇ ಬಳಸುತ್ತೇವೆ ಎಂದೆ. ಅವರು ಮೂಸಿ ನೋಡಿ ಬೀಗದ ಕೈ ಕೊಟ್ಟರು.

ಹುಲಿಕುಂಟೆ ಕಡೆಯ ಕುರಿ ಸಾಕುವವರ ಮಗಳು ನಾನು. ನಮ್ಮಲ್ಲಿ ನಲ್ಲಿಮೂಳೆ ಹೀರದೆ ಹಬ್ಬದೂಟ ಮುಗಿಯದು. ಇಲ್ಲಿ ಬೇಳೆಸಾರಿಗೂ ಬೆಲ್ಲ. ಮುದ್ದೆಯ ಆಸೆಯನ್ನು ರೋಟ್ಲೋ ಎಂಬ ಸಜ್ಜೆರೊಟ್ಟಿಯಲ್ಲಿ ತೀರಿಸಿಕೊಳ್ಳುತ್ತೇನೆ. ದಿನವಿಡೀ ಫೋಮಿಗೆ ಸ್ಕ್ರೂ ತಿರುಗಿಸಿ, ಕಿತ್ತುಬರುವ ತನಕ ಯಂತ್ರದಿಂದ ಎಳೆಸುತ್ತೇನೆ. ಇಲ್ಲಿಯ ತುಂಡುಗಳೆಲ್ಲ ಒಂದೇ ಸಮ. ನಮ್ಮ ಹಿಂಡಿನಲ್ಲಿ ಒಂದರಂತೆ ಇನ್ನೊಂದು ಕುರಿ ಇರಲಿಲ್ಲ.

ಹೋದ ತಿಂಗಳು ಅವ್ವ ಕುರಿ ಕೂಡಿಹಾಕುವ ರೊಪ್ಪದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ತುಮಕೂರಿನಲ್ಲಿ ಸ್ಕ್ರೂ ಹಾಕಿದರು, ಕಾಲೂರಬೇಡ ಎಂದರು. ತಾಯಿಕುರಿ ಮರಿಯನ್ನು ಒದ್ದು ದೂಡಿದರೆ ತಾಯಿಯ ಕತ್ತನ್ನು ಮೊಣಕಾಲ ನಡುವೆ ಅದುಮಿ ಹಿಡಿದು ಮರಿಗೆ ಹಾಲು ಕುಡಿಸುವುದು ನಮ್ಮ ಹೆಂಗಸರ ರೂಢಿ. ಮನೆಗೆ ಬಂದ ಮೇಲೆ ಅವ್ವ ಮಾಡಿದ್ದೂ ಅದನ್ನೇ.

ನಿನ್ನೆ ಫೋನು ಮಾಡಿದಳು. "ಮರಿ ಸತ್ತೋಯ್ತಿತ್ತು ಕಣವ್ವ, ಅದ್ಕೆ ನಿಂತ್ಕಂಬುಟ್ಟೆ. ಸ್ಕ್ರೂ ಈಚೆಗೆ ಬಂದ್ಬುಟ್ಟೈತಂತೆ. ಮೂಳೆ ಟೊಳ್ಳಾಗೈತೆ, ಇನ್ನೊಂದ್ಸತಿ ಹಾಕುದ್ರೂ ನಿಲ್ಲೋದು ಡೌಟು ಅಂತಾರೆ ಡಾಕ್ಟ್ರು. ನಾನಿನ್ನು ನಡಿಯಾಕಿಲ್ವೇನವ್ವ?"

ಮುದುಕರ ಮೂಳೆಯಂತೆಯೇ ಮಾಡಿದ ಹಗುರ ಫೋಮಿನಿಂದ ಸ್ಕ್ರೂ ಎಷ್ಟು ಸಲೀಸಾಗಿ ಕಿತ್ತುಬರುತ್ತದೆಂದು ಕಂಡವಳು ನಾನು.

ಅವ್ವ ಮುಂದುವರಿಸಿದಳು. "ನಿಮ್ತಾವ ಮೂಳೆ ಮಾಡ್ತಾರಲ್ಲ, ಅದ್ರಾಗೆ ಒಂದು ತುಂಡು ತಂದ್ಕೊಡವ್ವ. ಒಳೀಕೆ ತುಂಬುಸ್ಕಂತೀನಿ."

"ಅದು ಮೈಯೊಳಕ್ಕೆ ಹಾಕೋದಲ್ಲ ಕಣವ್ವ. ಬರೀ ಎಳ್ದು ನೋಡೋಕೆ."

ಅವ್ವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಅಂಗಾದ್ರೆ ಅಷ್ಟು ದೂರ ಯಾಕವ್ವ ಹೋದೆ?"

ರಜೆ ಕೇಳಿದ್ದೇನೆ. ಕೊಟ್ಟರೆ ಊರಿಗೆ ಹೋಗಿ ಅವ್ವನ ಪಕ್ಕ ಕೂರುತ್ತೇನೆ. ಅಲ್ಲಿದ್ದರೂ ಅವಳ ಮೂಳೆಗೆ ನಾನು ಒದಗಲಾರೆ, ಇಲ್ಲಿದ್ದರಂತೂ ಅವಳಿಗೆ ಕಾಣಲೂ ಸಿಗಲಾರೆ.