ಎಡಗಡೆಯ ಹಾಲು ಉಪ್ಪಾದದ್ದು

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಸಾಲುವುದಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟವಳು. ಓದುವವರು ಕ್ಷಮಿಸಬೇಕು. ಅಕ್ಕನ ವಿಷಯದಲ್ಲಿ ತಪ್ಪು ಬರೆಯಬಾರದೆಂದು ಪ್ರತಿ ಸಾಲನ್ನೂ ಅವಳಿಗೇ ಓದಿ ಹೇಳಿದ್ದೇನೆ.

ಅಕ್ಕ ಮನೆಮನೆಗೆ ಅಂಚೆ ಹಂಚುತ್ತಾಳೆ. ಬೀದಿಯವರಿಗೆಲ್ಲ ಅವಳು ‘ಅಂಚೆಯಕ್ಕ’. ಹೆರಿಗೆ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ದಿನ ಬೀದಿನಾಯಿಗಳೂ ಬೊಗಳಲಿಲ್ಲವಂತೆ. “ಗುರುತು ಇಟ್ಕೊಂಡಿವೆ ಕಣೇ, ನಿನ್ನ ಭಾವನಿಗಿಂತ ವಾಸಿ” ಎಂದು ನಕ್ಕಳು.

ಕೆಲಸಕ್ಕೆ ಮರಳಿದ ಎರಡನೇ ವಾರ ಮಗು ಎಡಗಡೆಯ ಹಾಲು ಒಲ್ಲೆನೆಂದಿತು. ಬಾಯಿಟ್ಟು, ಮುಖ ಕಿವುಚಿ, ಬೆನ್ನು ಬಾಗಿಸಿ ಅಳುತ್ತಿತ್ತು. ಅಮ್ಮ ಒಂದು ಚಮಚ ಹಿಂಡಿಸಿ ನಾಲಿಗೆಗೆ ಮುಟ್ಟಿಸಿಕೊಂಡಳು.

“ಅಯ್ಯೋ, ಉಪ್ಪುಪ್ಪು! ನೀನು ಊಟಕ್ಕೆ ಉಪ್ಪು ಸುರ್ಕೊಳ್ಳೋದೆಲ್ಲ ಹಾಲಿಗೆ ಇಳಿದಿದೆ. ಇವತ್ತಿಂದ ಉಪ್ಪು ಬಂದ್.”

ಅಕ್ಕ ಗೊಣಗದೆ ಸಪ್ಪೆ ಊಟ ನುಂಗಿದಳು. ಹಾಲಿನ ಉಪ್ಪು ಮಾತ್ರ ಕಡಿಮೆಯಾಗಲಿಲ್ಲ. “ನಿನ್ನ ಹಾಲು ಕೆಟ್ಟಿದೆ. ನಿಲ್ಲಿಸಿಬಿಡು, ಡಬ್ಬಿ ಹಾಲು ತರೋಣ” ಎಂದಳು ಅಮ್ಮ. ಅಕ್ಕನ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅಂದೇ.

ಮಗುವಿಗೆ ಲಸಿಕೆ ಹಾಕಿಸುವ ದಿನ ಅವಳು ಕೆಲಸಕ್ಕೆ ಹೊರಟ ವೇಷದಲ್ಲೇ, ಅಂಚೆಚೀಲ ಹಿಡಿದು ನಮ್ಮೊಂದಿಗೆ ಆಸ್ಪತ್ರೆಗೆ ಬಂದು ನರ್ಸಮ್ಮನನ್ನು ಕೇಳಿದಳು: “ಸಿಸ್ಟರ್, ಎದೆಹಾಲು ಕೆಡುತ್ತಾ? ಎಡಗಡೆದು ಮಾತ್ರ ಉಪ್ಪಾಗಿದೆ, ಅಲ್ಲಿ ನೋವೂ ಇದೆ. ಊಟದಲ್ಲಿ ಉಪ್ಪು ಬಿಟ್ರೂ ಕಮ್ಮಿ ಆಗ್ಲಿಲ್ಲ.”

“ಹಾಲು ಕೆಟ್ಟಿಲ್ಲಮ್ಮ, ಎದೆ ಬಾತಿರಬೇಕು. ಬಾತ ಕಡೆ ರಕ್ತದ ಉಪ್ಪು ಹಾಲಿಗೆ ಸೋರುತ್ತೆ. ತಟ್ಟೆಯ ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಊಟ ಹೆಚ್ಚುಕಮ್ಮಿ ಆದ್ರೂ ಹಾಲಿನ ಸುಣ್ಣ, ಕಬ್ಬಿಣದ ಅಂಶ ಅಷ್ಟಾಗಿ ಏರಿಳಿಯಲ್ಲ. ಅಯೋಡಿನ್ ಮಾತ್ರ ತಾಯಿ ತಿಂದಷ್ಟೇ. ಅಂಗಡಿ ಉಪ್ಪಲ್ಲಿ ಅದು ಇರುತ್ತೆ, ಬಿಟ್ರೆ ಅದಕ್ಕೇ ಕತ್ತರಿ!”

“ಹಾಗಾದ್ರೆ ಇಷ್ಟು ದಿನ ನಾನು ಸಪ್ಪೆ ಬೇಯಿಸಿದ್ದು ದಂಡ” ಎಂದು ಅಮ್ಮ ಮುಖ ಸಣ್ಣದು ಮಾಡಿದಳು.

ನರ್ಸಮ್ಮ ಮುಟ್ಟಿ ನೋಡಿದರು. ಎಡ ಎದೆಯಲ್ಲಿ ಗಂಟೊಂದು ಓರೆಯಾಗಿ, ಉದ್ದಕ್ಕೆ ಪಟ್ಟಿಯಂತಿತ್ತು. ಅಕ್ಕ ಥಟ್ಟನೆ ಎದ್ದು ಅಂಚೆಚೀಲವನ್ನು ಹೆಗಲಿಗೇರಿಸಿದಳು. ಚೀಲದ ಪಟ್ಟಿ ಆ ಗಂಟಿನ ಮೇಲೆಯೇ ಕೂತಿತು.

“ಸಿಕ್ಕ ನೋಡಿ ಕಳ್ಳ! ಕಾಗದ ಬೀಳಬಾರದು ಅಂತ ಬಿಗಿದು ಕಟ್ಕೊಳ್ತಿದ್ದೆ.”

“ಮಧ್ಯಾಹ್ನ ಕುಡಿಸದೆ ಹಾಲು ಕಟ್ಕೊಂಡಿದ್ದೂ ಸೇರಿದೆ. ಆ ಕಡೆಯೂ ಕುಡಿಸ್ತಾ ಇರಿ. ಜ್ವರ ಬಂದ್ರೆ ಕೂಡಲೇ ಬನ್ನಿ” ಎಂದರು ನರ್ಸಮ್ಮ.

ಅಲ್ಲಿಂದ ಅಕ್ಕ ಸೀದಾ ಅಂಚೆ ಕಚೇರಿಗೆ ಹೋದಳು. “ಸಾರ್, ಚೀಲ ಇನ್ಮೇಲೆ ಸೈಕಲ್ ಕ್ಯಾರಿಯರ್ ಮೇಲೆ. ಮಧ್ಯಾಹ್ನ ಹಾಲು ಕುಡಿಯೋಕೆ ಮಗು ಇಲ್ಲಿಗೇ ಬರುತ್ತೆ.”

“ಅದಕ್ಕೆ ನಿಯಮ ಇಲ್ಲವಲ್ಲಮ್ಮ” ಎಂದರು ಪೋಸ್ಟ್‌ಮಾಸ್ಟರು.

“ಬೇಡ ಅನ್ನೋಕೂ ಇಲ್ಲವಲ್ಲ ಸಾರ್.”

ಅವರು ನಕ್ಕು ಹಿಂದಿನ ಕೋಣೆ ತೆರೆಸಿದರು.

ಊತ ಇಳಿಯುತ್ತಿದೆ. ಇಂದು ಬೆಳಿಗ್ಗೆ ಮಗು ಎಡಗಡೆಯೂ ಕುಡಿದು ಅಲ್ಲೇ ನಿದ್ದೆಹೋಯಿತು. ಇಷ್ಟು ದಿನ ಮಧ್ಯಾಹ್ನ ಮಗುವನ್ನು ಕಚೇರಿಗೆ ಒಯ್ದದ್ದು ಅಮ್ಮ. ಅಲ್ಲಿ ಜನ ತುಂಬಿರುತ್ತಾರೆ, ನನಗೆ ನಾಚಿಕೆ. ಆದರೂ ನಾಳೆ ಮಧ್ಯಾಹ್ನ ಮಗುವನ್ನೆತ್ತಿಕೊಂಡು ನಾನೇ ಹೋಗುತ್ತೇನೆ.