ಗೋಡೆಯೊಳಗೆ ಸಿಕ್ಕಿಬಿದ್ದ ಕೈ

ಇಪ್ಪತ್ತಾರು ವರ್ಷ ಕೊಳಾಯಿ ಕೆಲಸ ಮಾಡಿದವನಿಗೆ ನೀರೆಂದರೆ ಭಯ ಎಂದರೆ ಯಾರೂ ನಂಬುತ್ತಿರಲಿಲ್ಲ. ಕಡ್ಡಿಯಂಥ ತೋಳಿನ ಅವನನ್ನು ಜೊತೆಗಾರರು ‘ಹಲ್ಲಿ’ ಎನ್ನುತ್ತಿದ್ದರು. ಎಂಥ ಸಂದಿಯಲ್ಲೂ ಕೈ ತೂರಿಸಬಲ್ಲವನು ಎಂಬ ಮೆಚ್ಚುಗೆಯೂ ಅದರಲ್ಲಿತ್ತು. ಅವನ ಭಯವೆಲ್ಲ ಬಿಸಿನೀರಿನದು. ಕೆಲಸ ಕಲಿಸಿದ ಸೋದರಮಾವನ ಮುಂಗೈ ಬೆಂದು ಚರ್ಮ ಸುಲಿದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಆ ಬೆಳಿಗ್ಗೆ ಅವನು ಹೋದದ್ದು ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇದ್ದ ನಿವೃತ್ತ ನರ್ಸಮ್ಮನ ಮನೆಗೆ. ಬಚ್ಚಲುಮನೆಯ ಗೋಡೆಯೊಳಗೆ ತಾಮ್ರದ ಪೈಪು ಸೋರಿ, ಪಕ್ಕದ ಕೋಣೆಯ ಸುಣ್ಣ ಬೊಬ್ಬೆಯೆದ್ದಿತ್ತು. ಇಡೀ ಕಟ್ಟಡಕ್ಕೆ ಬಿಸಿನೀರು ಕೊಡುವ ಬಾಯ್ಲರು ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಕಾವಲುಗಾರ ವಾಲ್ವ್ ಮುಚ್ಚಿ, “ಹನ್ನೊಂದಕ್ಕೆ ಬಿಟ್ಟುಬಿಡ್ತೀನಿ. ತಡ ಆದ್ರೆ ಎಲ್ರೂ ನನ್ನ ತಲೆ ತಿಂತಾರೆ” ಎಂದಿದ್ದ.

“ಟೈಲ್ಸ್ ಜಾಸ್ತಿ ಒಡೀಬೇಡಪ್ಪ” ಎಂದರು ನರ್ಸಮ್ಮ. ಹಾಗಾಗಿ ಅಂಗೈಯಗಲದ ತೂತಷ್ಟೇ ಮಾಡಿದ. ಗರಗಸ ಆಡಿಸಲು ಜಾಗವಿಲ್ಲ. ಪೈಪನ್ನು ಕಚ್ಚಿಕೊಳ್ಳುವ ಪುಟ್ಟ ಕಟರನ್ನು ಬೆರಳ ತುದಿಯಲ್ಲೇ ಅರ್ಧ ಸುತ್ತು ತಿರುಗಿಸಬೇಕು, ತಿರುಪನ್ನು ಒಂದಿಷ್ಟು ಬಿಗಿಮಾಡಬೇಕು, ಮತ್ತೆ ತಿರುಗಿಸಬೇಕು. ತಾಮ್ರ ಇನ್ನೇನು ತುಂಡಾಗಬೇಕು ಎನ್ನುವಾಗ ಕಟರ್ ಜಾರಿತು. ಹಿಡಿಯಹೋದ ಕೈ ಪೈಪಿನ ಹಿಂದಕ್ಕಿಳಿಯಿತು. ಮೊಣಕೈ ಇಟ್ಟಿಗೆಗೂ ಪೈಪಿಗೂ ನಡುವೆ ಸಿಕ್ಕಿಕೊಂಡಿತು.

ಎಳೆದ. ಅಲುಗಲಿಲ್ಲ.

“ಅಮ್ಮಾ, ಗಂಟೆ ಎಷ್ಟು?”

“ಹನ್ನೊಂದಕ್ಕೆ ಎಂಟು ನಿಮಿಷ ಇದೆ. ಯಾಕೆ?”

“ಕೈ ಬರ್ತಿಲ್ಲ. ಅವನು ನೀರು ಬಿಟ್ರೆ ಪೈಪು ಇಲ್ಲೇ ಬಾಯಿ ಬಿಡುತ್ತೆ. ಎಲ್ಲಾ ನನ್ನ ಕೈ ಮೇಲೇ.”

ನರ್ಸಮ್ಮ ಕಾವಲುಗಾರನಿಗೆ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. “ಮೊದಲು ಕೈ ಬಿಡಿಸ್ಲಾ, ಕೆಳಗೆ ಹೋಗ್ಲಾ?”

“ಹೋಗಿ... ಬೇಗ ಹೋಗಿ.”

ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿಸಿತು. ಎಪ್ಪತ್ತು ದಾಟಿದವರು, ಮಂಡಿನೋವು ಬೇರೆ. ಸದ್ದು ಮಾಯವಾದ ಮೇಲೆ ಅವನಿಗೆ ಕೇಳಿಸಿದ್ದು ತನ್ನ ಎದೆಬಡಿತವೊಂದೇ. ಎಳೆದಷ್ಟೂ ತೋಳು ಊದುತ್ತಿತ್ತು. ಬೆರಳುಗಳು ಜೋಮು ಹಿಡಿದವು. ಕಣ್ಣು ಮುಚ್ಚಿದರೆ ಮಾವನ ಕೈ, ತೆರೆದರೆ ಆ ಕಪ್ಪು ತೂತು. ಎಷ್ಟು ನಿಮಿಷವಾಯಿತೋ ತಿಳಿಯಲಿಲ್ಲ.

ಇದ್ದಕ್ಕಿದ್ದಂತೆ ಪೈಪು ‘ಟಣ್’ ಎಂದಿತು. ಮತ್ತೆ ಟಣ್, ಟಣ್.

ನೀರು ಬಂತೆಂದು ಅವನು ಕಿರುಚಿಕೊಂಡ. ಪ್ಯಾಂಟು ಒದ್ದೆಯಾಯಿತು, ಬೆವರಿನಿಂದಲ್ಲ.

ನೀರು ಬರಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಏದುಸಿರು ಬಿಡುತ್ತ ಬಂದರು. “ಅವನು ವಾಲ್ವ್ ಮೇಲೆ ಕೈ ಇಟ್ಟಾಗಿತ್ತು, ತಡೆದೆ. ನಿಂಗೆ ಗೊತ್ತಾಗ್ಲಿ ಅಂತ ಪೈಪ್ ಕುಟ್ಟಿದೆ.”

“ನೀವು ಕುಟ್ಟಿದ್ದಕ್ಕೇ ಅರ್ಧ ಜೀವ ಹೋಯ್ತಮ್ಮ!”

ಅವರು ನಗಲಿಲ್ಲ, ಪ್ಯಾಂಟನ್ನು ನೋಡಿಯೂ ನೋಡದವರಂತೆ ತೋಳಿಗೆ ಸೋಪು ಸವರಿದರು. “ಮುಷ್ಟಿ ಸಡಿಲ ಬಿಡು. ಎಳೀಬೇಡ. ಉಸಿರು ಹೊರಗೆ ಬಿಡು.” ಮಗುವಿನ ಕೈಗೆ ಅಂಗಿ ತೊಡಿಸುವ ಹಾಗೆ ಮೆಲ್ಲಗೆ ತಿರುಗಿಸಿದರು. ಮೊಣಕೈ ತರಚಿಕೊಂಡು ಈಚೆ ಬಂತು.

ಅವನು ನೆಲದ ಮೇಲೆ ಕುಳಿತೇಬಿಟ್ಟ. ಕೆಲಸ ಇನ್ನೂ ಬಾಕಿಯಿತ್ತು. ಅದೇ ತೂತಿಗೆ ಮತ್ತೆ ಕೈ ಹಾಕಬೇಕಿತ್ತು.

“ಎಷ್ಟು ಬೇಕಾದ್ರೂ ಒಡಿ” ಎಂದರು ನರ್ಸಮ್ಮ.

ಇನ್ನೂ ನಾಲ್ಕು ಟೈಲ್ಸ್ ಒಡೆದ. ಪೈಪು ಕತ್ತರಿಸಿ ಹೊಸ ತುಂಡು ಕೂಡಿಸಿದ. ಅಂದಿನಿಂದ ವಾಲ್ವಿನ ಹಿಡಿಯನ್ನೇ ಕಳಚಿ ಜೇಬಿಗೆ ಹಾಕಿಕೊಳ್ಳದೆ ಅವನು ಯಾವ ಗೋಡೆಯನ್ನೂ ಮುಟ್ಟಿಲ್ಲ. ಆದರೂ ಒಳಗೆ ಕೈ ಹಾಕುವಾಗ ಒಂದು ಗಳಿಗೆ ನಿಲ್ಲುತ್ತಾನೆ, ಕಿವಿಗೊಟ್ಟು.