ಬಿಲ್ಲೆ ಬದಲಿಸಿದ ಹುಂಜಗಳು

ವಾರಿಜಾಳ ಕೆಲಸ ಕೆಡಿಸಿದವನು ನಾನು. ಆಮೇಲೆ ಅವಳನ್ನೇ ಮದುವೆಯಾದೆ, ಮೂವತ್ತು ವರ್ಷ ಸುಖವಾಗಿ ಸಂಸಾರ ಮಾಡಿದೆ — ಈ ವಿಷಯದಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

‘ಸುಖವಾಗಿ’ ಎನ್ನುವ ಮಾತನ್ನು ಬೇಕೆಂದೇ ಬರೆದಿದ್ದೇನೆ. ಮನಸ್ಸು ಸುಡುತ್ತಿತ್ತು, ಊಟ ಸೇರುತ್ತಿರಲಿಲ್ಲ ಎಂದೆಲ್ಲ ಬರೆದರೆ ಓದುವವರಿಗೆ ನನ್ನ ಮೇಲೆ ಕರುಣೆ ಹುಟ್ಟಬಹುದು. ಆದರೆ ಅದು ಸುಳ್ಳಾಗುತ್ತದೆ. ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ಮಲಗಿದೆ. ಜೆ.ಪಿ. ನಗರದಲ್ಲಿ ನಮ್ಮದೇ ಒಂದು ಪುಟ್ಟ ಮನೆ, ಬೆಳಿಗ್ಗೆ ಇಬ್ಬರೂ ಸೇರಿ ಪಾರ್ಕಿನಲ್ಲಿ ವಾಕಿಂಗು, ಬರುವಾಗ ದಾರಿಯಲ್ಲಿ ಸೊಪ್ಪು, ಭಾನುವಾರ ಬನಶಂಕರಿಯಲ್ಲಿರುವ ಅವಳ ತಂಗಿಯ ಮನೆಯಲ್ಲಿ ಊಟ. ಇಷ್ಟು ನೆಮ್ಮದಿ ನನಗೆ ಸಿಕ್ಕಿದ್ದು ಹೇಗೆ ಎಂದು ಕೇಳಿಕೊಂಡಾಗಲೆಲ್ಲ — ನಿಜ ಹೇಳಬೇಕೆಂದರೆ ಕೇಳಿಕೊಂಡಿದ್ದೇ ಕಡಿಮೆ.

ಆಗ ನಾವಿಬ್ಬರೂ ಹುಳಿಮಾವು ದಾಟಿದ ಮೇಲೆ ಇದ್ದ ಒಂದು ಕೋಳಿ ತಳಿ ಸಂಶೋಧನಾ ಫಾರಂನಲ್ಲಿದ್ದೆವು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಅವಳು ತಳಿ ವಿಜ್ಞಾನಿ. ನಾನು ಶೆಡ್ಡುಗಳನ್ನು ನೋಡಿಕೊಳ್ಳುವ ಸಹಾಯಕ. ನನಗೆ ಅವಳು ಮೇಡಂ. ಅವಳ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಬ್ರಾಯ್ಲರ್ ಮರಿಗಳು ಆರು ವಾರಕ್ಕೆ ಬಂದಾಗ ಒಂದೊಂದನ್ನೂ ತೂಗಬೇಕು. ತೂಕ ಚೆನ್ನಾಗಿರಬೇಕು, ಕಾಲೂ ನೆಟ್ಟಗಿರಬೇಕು. ಅಂಥವನ್ನು ಮಾತ್ರ ಆರಿಸಿ ಮುಂದಿನ ತಲೆಮಾರಿಗೆ ತಂದೆತಾಯಿಯಾಗಿ ಇಟ್ಟುಕೊಳ್ಳಬೇಕು. ಬೇರೆಯವರೆಲ್ಲ ಬರೀ ತೂಕ ನೋಡಿ ಆರಿಸುತ್ತಿದ್ದ ಕಾಲ ಅದು. ಮೈ ಹೊರಲಾಗದೆ ಕೂತೇ ಬಿಡುವ ಕೋಳಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮರಿಯನ್ನು ನೆಲಕ್ಕೆ ಬಿಟ್ಟು, ಅದು ನಡೆಯುವುದನ್ನು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಸಂಜೆ ಮನೆಗೆ ಹೋದರೆ ಅವಳಮ್ಮ ಹಿತ್ತಲ ಬಾಗಿಲಿಂದಲೇ ನೇರ ಬಚ್ಚಲಿಗೆ ಕಳಿಸುತ್ತಿದ್ದರಂತೆ, ಮೈಯೆಲ್ಲ ಶೆಡ್ಡಿನ ವಾಸನೆ ಎಂದು.

ಈ ಆಯ್ಕೆಯಿಂದ ತಳಿ ನಿಜವಾಗಿ ಸುಧಾರಿಸಿದೆಯೇ, ಅಥವಾ ಆ ವರ್ಷ ಮೇವು ಚೆನ್ನಾಗಿದ್ದುದರಿಂದ ತೂಕ ಬಂತೇ ಎಂದು ತಿಳಿಯುವುದು ಹೇಗೆ? ಅದಕ್ಕೇ ಪಕ್ಕದ ಶೆಡ್ಡಿನಲ್ಲಿ ಇನ್ನೊಂದು ಗುಂಪು ಇರುತ್ತಿತ್ತು. ಅದೇ ಮೂಲದ ಕೋಳಿಗಳು, ಆದರೆ ಆಯ್ಕೆಯೇ ಇಲ್ಲ. ಮೊದಲು ಹೇಗಿದ್ದವೋ ಹಾಗೇ ಉಳಿಸಿಕೊಂಡು ಬರಬೇಕು. ಕಂಟ್ರೋಲ್ ಎನ್ನುತ್ತಿದ್ದೆವು. ಆರಿಸಿದ ಗುಂಪು ಕಂಟ್ರೋಲಿಗಿಂತ ಎಷ್ಟು ಮುಂದಿದೆಯೋ ಅಷ್ಟೇ ಮೇಡಂ ಸಂಪಾದನೆ. ಆ ಕಂಟ್ರೋಲ್ ಶೆಡ್ಡು ನನ್ನ ಜವಾಬ್ದಾರಿಯಾಗಿತ್ತು.

ಒಂದು ಬೇಸಗೆಯ ಮಧ್ಯಾಹ್ನ ಸ್ನೇಹಿತನೊಬ್ಬ ಸಿನಿಮಾಕ್ಕೆ ಕರೆದ. ನೀರಿನ ಟ್ಯಾಂಕು ತುಂಬಿದೆಯೋ ಇಲ್ಲವೋ ನೋಡದೆ ಹೊರಟುಬಿಟ್ಟೆ. ಕರೆಂಟು ಹೋಯಿತು, ಫ್ಯಾನು ನಿಂತವು, ಪಂಪು ನಿಂತಿತು. ಕೂಲಿಯವರು ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗಿದ್ದರು. ನಾನು ಮರಳಿ ಬಂದಾಗ ಕಂಟ್ರೋಲಿನ ಹುಂಜಗಳಲ್ಲಿ ಅರ್ಧಕ್ಕರ್ಧ ಸತ್ತು ಬಿದ್ದಿದ್ದವು.

ವರದಿ ಮಾಡಿದ್ದರೆ ಬೈಗುಳ ತಿನ್ನುತ್ತಿದ್ದೆ. ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ಹೆದರಿದೆ. ಆರಿಸಿದ ಗುಂಪಿನಲ್ಲಿ ಹೆಚ್ಚುವರಿ ಹುಂಜಗಳಿದ್ದವು — ಅವೂ ಬಿಳಿ, ಇವೂ ಬಿಳಿ. ಸತ್ತವುಗಳ ರೆಕ್ಕೆಯಿಂದ ನಂಬರಿನ ಬಿಲ್ಲೆ ಕಿತ್ತು, ಆ ಹೆಚ್ಚುವರಿ ಹುಂಜಗಳ ರೆಕ್ಕೆಗೆ ಚುಚ್ಚಿ, ಕಂಟ್ರೋಲ್ ಶೆಡ್ಡಿಗೆ ಬಿಟ್ಟೆ. ಸತ್ತವನ್ನು ನಾನೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ಒಂದು ತಲೆಮಾರಿಗೆ ಏನು ಮಹಾ ವ್ಯತ್ಯಾಸವಾದೀತು ಎಂದುಕೊಂಡೆ. ಏನಾಗುತ್ತದೆಂದು ಅರಿಯದಷ್ಟು ದಡ್ಡನೇನೂ ಆಗಿರಲಿಲ್ಲ ನಾನು.

ಆ ಹುಂಜಗಳ ಮರಿಗಳು ತಂದೆಯಂತೆಯೇ ಬೆಳೆದವು. ಕಂಟ್ರೋಲ್ ಗುಂಪಿನ ತೂಕವೇ ಏರಿತು. ಅವಳ ಕೋಳಿಗಳಿಗೂ ಕಂಟ್ರೋಲಿಗೂ ಇದ್ದ ಅಂತರ ಕುಸಿಯಿತು. ಮುಂದಿನ ತಲೆಮಾರಿನಲ್ಲೂ ಹಿಗ್ಗಲಿಲ್ಲ. ಒಂದು ಸಂಜೆ ಅವಳು ನನ್ನನ್ನು ಹುಡುಕಿಕೊಂಡು ಶೆಡ್ಡಿಗೆ ಬಂದಳು. ಅಲ್ಲೇ ಮೇವಿನ ಮೂಟೆಯ ಮೇಲೆ ಕೂತಳು.

“ಶ್ರೀಧರ್, ಕಂಟ್ರೋಲ್ ಕಡೆ ಏನಾದ್ರೂ ಬದಲಾಗಿದ್ಯಾ? ಫೀಡು, ಹುಂಜ... ಏನೇ ಇದ್ರೂ ಹೇಳಿ, ನಾನೇನೂ ಅನ್ನಲ್ಲ.”

“ಇಲ್ಲ ಮೇಡಂ. ಏನೂ ಆಗಿಲ್ಲ.”

ಅವಳು ನಂಬಿದಳು. ನನ್ನನ್ನು ನಂಬಿದ್ದರಿಂದ ತಪ್ಪನ್ನು ತನ್ನಲ್ಲೇ ಹುಡುಕತೊಡಗಿದಳು — ಆರಿಸುವ ಕಣ್ಣು ತನಗಿಲ್ಲ, ಕಾಲು ನೋಡಲು ಹೋಗಿ ತೂಕ ಕಳೆದುಕೊಂಡೆ, ಮೊದಲಿಂದಲೂ ದಾರಿ ತಪ್ಪಿದ್ದೆ ಎಂದು. ಸಮಿತಿಯವರೂ ಅದನ್ನೇ ಹೇಳಿದರು. ಯೋಜನೆ ನಿಂತಿತು. ಹೊರರಾಜ್ಯದ ದೊಡ್ಡ ಕೇಂದ್ರವೊಂದರಲ್ಲಿ ಅವಳಿಗೆ ಮುಖ್ಯಸ್ಥೆಯ ಹುದ್ದೆ ಬಹುತೇಕ ಖಾತ್ರಿಯಾಗಿತ್ತು. ಆ ಮಾತೂ ಅಲ್ಲಿಗೇ ನಿಂತಿತು. ಅವಳು ಜಯನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಲು ಸೇರಿದಳು.

ಇನ್ನೊಂದು ಮಾತು ಬರೆಯಬೇಕು. ಅವಳು ಬೆಂಗಳೂರು ಬಿಟ್ಟು ಹೋಗುವುದಿಲ್ಲ ಎಂದು ಗೊತ್ತಾದ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು. ನಾಚಿಕೆಯೂ ಆಯಿತು — ಆದರೆ ಮೊದಲು ಬಂದದ್ದು ಖುಷಿ.

ಆಮೇಲೆ ಬನಶಂಕರಿ ಬಸ್ಸಿನಲ್ಲಿ ಆಗಾಗ ಸಿಗುತ್ತಿದ್ದಳು. ಮಾತು ಬೆಳೆಯಿತು. ಮೇಡಂ ಹೋಗಿ ವಾರಿಜಾ ಆದಳು. ಮದುವೆಯಾಯಿತು. ಹೇಳಿಬಿಡಬೇಕು ಎಂದು ಮದುವೆಗೆ ಮುಂಚೆ ಒಮ್ಮೆ ಅನ್ನಿಸಿತ್ತು. ಆಮೇಲೆ ಹೇಳೋಣ, ಮನೆ ಸ್ವಲ್ಪ ಸರಿಹೋಗಲಿ... ಮನೆ ಸರಿಹೋಯಿತು. ಸರಿಹೋದ ಮನೆಯಲ್ಲಿ ಹೇಳುವುದು ಇನ್ನೂ ಕಷ್ಟ.

ಪಾಠ ಮಾಡುವುದನ್ನು ಅವಳು ಪ್ರೀತಿಸಿದಳು, ಅದು ಸುಳ್ಳಲ್ಲ. ಆದರೆ ನೆಂಟರು ಸೇರಿದಾಗಲೆಲ್ಲ ಒಂದು ತಮಾಷೆ ಮಾಡುತ್ತಿದ್ದಳು: ಐದು ತಲೆಮಾರು ಆರಿಸಿದರೂ ಕೋಳಿಗಳು ನನ್ನ ಮಾತು ಕೇಳಲಿಲ್ಲ, ಅದಕ್ಕೇ ಮಕ್ಕಳ ಹತ್ತಿರ ಬಂದೆ, ಇವರೂ ಕೇಳುವುದಿಲ್ಲ ಎಂದು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹುಂಜಗಳ ಬಿಲ್ಲೆ ಬದಲಿಸಿದ್ದು ಒಂದು ದಿನದ ಹೆದರಿಕೆ ಎನ್ನಬಹುದು. ಆ ನಗುವಿಗೆ ಏನೆನ್ನಲಿ?

ಕಳೆದ ವರ್ಷ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಅವಳೂ ಈಗ ಕೋಳಿ ತಳಿಯ ಕೆಲಸದಲ್ಲೇ ಇದ್ದಾಳೆ. ಈಗೀಗ ಎಲ್ಲರೂ ಕಾಲಿನ ಗಟ್ಟಿತನ ನೋಡಿಯೇ ಆರಿಸುತ್ತಾರೆ, ನೀವು ಅಷ್ಟು ಹಿಂದೆಯೇ ಅದನ್ನು ಮಾಡಿದ್ದಿರಂತೆ, ನಮ್ಮ ಹುಡುಗರಿಗೆ ಬಂದು ಒಂದು ಗಂಟೆ ಮಾತಾಡಿ ಮೇಡಂ ಎಂದು ಕೇಳಿದಳು. ವಾರಿಜಾ ತಮಾಷೆ ಮಾಡಲಿಲ್ಲ. ತಟ್ಟೆಯಲ್ಲಿದ್ದ ಕೋಡುಬಳೆಯನ್ನು ಅತ್ತಿತ್ತ ಸರಿಸುತ್ತಾ, “ಬೇಡಮ್ಮ. ನಂದು ಫೇಲ್ ಆದ ಕೆಲಸ. ಅದನ್ನ ಹೇಳ್ಕೊಡೋಕೆ ನಂಗೆ ನಾಚ್ಕೆ ಆಗುತ್ತೆ” ಎಂದಳು.

ಇಷ್ಟು ವರ್ಷದ ಮೇಲೂ ನಾಚಿಕೆ — ಅವಳಿಗೆ!

ಮರುದಿನ ಬೆಳಿಗ್ಗೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಸಿನಿಮಾ, ಟ್ಯಾಂಕು, ಬಿಲ್ಲೆ, ಗುಂಡಿ. ಮುಗಿದ ಮೇಲೆ ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ.

“ಎಷ್ಟು ಹುಂಜ?”

ಹೇಳಿದೆ. ಯಾವ ತಲೆಮಾರು ಎಂದಳು, ಅದನ್ನೂ ಹೇಳಿದೆ. ಕೈ ಒರೆಸಿಕೊಂಡು, ಅವರೆಕಾಯಿ ಹರವಿದ್ದ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕತೊಡಗಿದಳು. ಹಳೆಯ ತೂಕಗಳೆಲ್ಲ ಅವಳಿಗೆ ಬಾಯಿಪಾಠವಾಗಿಯೇ ಇದ್ದವು. ಬರೆಯುತ್ತಾ ಬರೆಯುತ್ತಾ ಅವಳ ಮುಖ ಅರಳುತ್ತಾ ಹೋಯಿತು. ತಲೆಯೆತ್ತಿ, “ಹಾಗಾದ್ರೆ ಬೆಳೆದಿದ್ವು ಕಣ್ರೀ... ನನ್ನ ಕೋಳಿ ಬೆಳೆದಿದ್ವು” ಎಂದಳು. ಅಷ್ಟು ಸಂತೋಷವನ್ನು ನಾನು ಅವಳ ಮುಖದಲ್ಲಿ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂತೋಷವನ್ನು ತಡೆದುಕೊಳ್ಳಲು ಆಗಲಿಲ್ಲ.

ಆಮೇಲೆ, ನಿಧಾನಕ್ಕೆ, ಇನ್ನೊಂದು ಲೆಕ್ಕ ಅವಳಿಗೆ ಹೊಳೆಯಿತು. ಪೆನ್ನು ಕೆಳಗಿಟ್ಟಳು. “ನಾನು ಕೇಳಿದ್ದೆ ಅಲ್ವಾ? ಶೆಡ್ಡಿಗೇ ಬಂದು ಕೇಳಿದ್ದೆ” ಎಂದಳು. ಎದ್ದು ಒಳಗೆ ಹೋದಳು.

ಎರಡು ಮೂರು ದಿನ ಬೇಕಾದಷ್ಟೇ ಮಾತು. ಒಮ್ಮೆ ತಂಗಿಯ ಜೊತೆ ಫೋನಿನಲ್ಲಿ, ನನ್ನ ಕೆಲಸ ಸರಿಯಾಗೇ ಇತ್ತು ಕಣೇ, ಕೆಡಿಸಿದ್ದು ನಮ್ಮನೆಯವರು ಎಂದು ಹೇಳುತ್ತಿದ್ದುದು ನಡುಮನೆಯಲ್ಲಿ ಕೂತಿದ್ದ ನನಗೆ ಕೇಳಿಸಿತು. ಅತ್ತಂತೆಯೂ ಇತ್ತು, ನಕ್ಕಂತೆಯೂ ಇತ್ತು. ಕ್ಷಮಿಸಿದಳೇ ಎಂದು ನಾನು ಕೇಳಿಲ್ಲ; ಅವಳೂ ಹೇಳಿಲ್ಲ. ವಾಕಿಂಗಿಗೆ ಮತ್ತೆ ಒಟ್ಟಿಗೇ ಹೋಗುತ್ತಿದ್ದೇವೆ. ಆ ತಮಾಷೆಯನ್ನು ಮಾತ್ರ ಅವಳು ಮತ್ತೆ ಮಾಡಿಲ್ಲ.

ಅವಳು ವಿದ್ಯಾರ್ಥಿನಿಗೆ ತಾನೇ ಫೋನ್ ಮಾಡಿ ಬರುತ್ತೇನೆ ಎಂದಳು. ನನ್ನ ಕಡೆ ತಿರುಗಿ, “ನೀವೂ ಬರ್ಬೇಕು. ನಿಮ್ಮ ಭಾಗ ನೀವೇ ಹೇಳಿ” ಎಂದಳು.

ಹೋದೆ. ಅವಳು ತನ್ನ ಕೋಳಿಗಳ ಬಗ್ಗೆ, ಅವುಗಳ ನಡಿಗೆಯ ಬಗ್ಗೆ ಮಾತಾಡಿದಳು. ಒಂದು ಗಂಟೆ ಸಾಲಲಿಲ್ಲ. ಕೊನೆಗೆ ನಾನು ಎದ್ದು ನಿಂತು, ಕಂಟ್ರೋಲಿನ ಹುಂಜಗಳನ್ನು ಬದಲಿಸಿದ್ದು ನಾನು, ಕೇಳಿದಾಗ ಇಲ್ಲ ಎಂದದ್ದೂ ನಾನು ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಸಂಕೋಚದಿಂದ ಕೈಯೆತ್ತಿದಳು.

“ಸಾರ್, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

ವಾರಿಜಾ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳು ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಿರಲಿಲ್ಲ.

“ಮೊದ್ಲು ಭಯ ಇತ್ತಮ್ಮ,” ಎಂದೆ. “ಆಮೇಲೆ ಸುಖವಾಗಿದ್ದೆ.”